‘ಆಯ್ತು ಸಾರ್’ ಅಂದರೆ ಏನಾಯ್ತು?

ಮಧ್ಯಾಹ್ನ ಎರಡು ಗಂಟೆ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ಇದು ಪಾಳಿ ಬದಲಾಗುವ ಹೊತ್ತು. ಬೆಳಿಗ್ಗೆ ಆರಕ್ಕೆ ಬಂದವರು ಕೈಗಂಟಿದ ಎಣ್ಣೆ ಒರೆಸಿಕೊಂಡು ಬ್ಯಾಗು ಹೆಗಲಿಗೇರಿಸುತ್ತಾರೆ. ಎರಡನೇ ಪಾಳಿಯವರು ಊಟದ ಡಬ್ಬಿ ಒಳಗಿಟ್ಟು ಯಂತ್ರದ ಬಳಿಗೆ ಬರುತ್ತಾರೆ. ಲೇತುಗಳ ಸದ್ದು ನಿಂತಿರುವುದಿಲ್ಲ. ಹೊರಟವನು ಆ ಸದ್ದಿನ ನಡುವೆಯೇ ಕೂಗಿ ಹೇಳುತ್ತಾನೆ: ‘ಮೂರನೇ ಮಷಿನ್ ಸ್ವಲ್ಪ ಬಿಸಿ ಆಗ್ತಿದೆ, ನೋಡ್ಕೋ.’ ಬಂದವನು ತಲೆಯಾಡಿಸುತ್ತಾನೆ: ‘ಆಯ್ತಣ್ಣ.’

ಐದೂವರೆಯ ಹೊತ್ತಿಗೆ ಮೂರನೇ ಯಂತ್ರ ನಿಂತುಬಿಡುತ್ತದೆ. ಬೇರಿಂಗ್ ಹಿಡಿದುಕೊಂಡಿದೆ. ಮರುದಿನ ಸೂಪರ್‌ವೈಸರ್ ಇಬ್ಬರನ್ನೂ ಕರೆದು ಕೇಳುತ್ತಾರೆ. ‘ನಾನು ಹೇಳಿಯೇ ಹೋಗಿದ್ದೆ ಸಾರ್’ ಎನ್ನುತ್ತಾನೆ ಒಬ್ಬ. ‘ನಾನೂ ನೋಡ್ಕೊಂಡೇ ಇದ್ದೆ ಸಾರ್’ ಎನ್ನುತ್ತಾನೆ ಇನ್ನೊಬ್ಬ. ಇಬ್ಬರದ್ದೂ ಸುಳ್ಳಲ್ಲ. ಹೇಳಿದವನ ಮನಸ್ಸಿನಲ್ಲಿ ‘ನೋಡ್ಕೋ’ ಎಂದರೆ ಮೆಂಟೆನೆನ್ಸ್‌ನವರನ್ನು ಕರೆಸಿ ತೋರಿಸು ಎಂದಿತ್ತು. ಕೇಳಿದವನ ಕಿವಿಗೆ ಅದು ಮೇಲೊಂದು ಕಣ್ಣಿಟ್ಟಿರು ಎಂದು ಬಿದ್ದಿತ್ತು.

ಕಾರ್ಖಾನೆಯಿರಲಿ, ಬ್ಯಾಂಕಿರಲಿ, ತಾಲ್ಲೂಕು ಕಚೇರಿಯಿರಲಿ, ಸಾಫ್ಟ್‌ವೇರ್ ಕಂಪನಿಯಿರಲಿ, ದುಡಿಯುವ ಜಾಗದಲ್ಲಿ ದಿನಕ್ಕೆ ಹತ್ತಾರು ಬಾರಿ ಇಂಥ ಮಾತು ನಡೆಯುತ್ತದೆ. ಬಹಳಷ್ಟು ಸಲ ಏನೂ ಆಗುವುದಿಲ್ಲ. ಕೆಲವು ಸಲ ಒಂದು ದಿನದ ಕೆಲಸ ಹಾಳಾಗುತ್ತದೆ, ಒಬ್ಬ ಗ್ರಾಹಕ ಕೈತಪ್ಪುತ್ತಾನೆ. ಅಪರೂಪಕ್ಕೆ ಜೀವವೇ ಹೋಗುತ್ತದೆ.

‘ಸಂವಹನ ಕೌಶಲ’ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರು ಬರುವುದು ನಿರರ್ಗಳ ಇಂಗ್ಲಿಷ್, ಇಸ್ತ್ರಿ ಮಾಡಿದ ಅಂಗಿ, ಅಳುಕಿಲ್ಲದ ಭಾಷಣ. ಆದರೆ ಒಂದು ಮಾತು ತಪ್ಪಿದರೆ ಜೀವ ಹೋಗುವ ಕೆಲಸಗಳಲ್ಲಿರುವವರು, ಅಂದರೆ ವಿಮಾನ ಹಾರಿಸುವವರು, ರೈಲು ಓಡಿಸುವವರು, ಶಸ್ತ್ರಚಿಕಿತ್ಸೆ ಮಾಡುವವರು, ಕಳೆದ ಐವತ್ತು ವರ್ಷಗಳಲ್ಲಿ ಕಲಿತ ಪಾಠ ಬೇರೆಯದೇ ಆಗಿದೆ. ಅವರು ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರು. ಹೇಳಿದ್ದು ಹೇಳಿದಂತೆಯೇ ತಲುಪಿತೇ? ತಪ್ಪು ಕಂಡ ಕಿರಿಯರಿಗೆ ಬಾಯಿ ತೆರೆಯಲು ಜಾಗವಿದೆಯೇ?

ಒಂದು ಪದ, ಹಲವು ಅರ್ಥ

‘ಆಯ್ತು’ ಎಂಬುದನ್ನೇ ನೋಡಿ. ಕಚೇರಿಯಲ್ಲಿ ಇದಕ್ಕೆ ಕೇಳಿಸಿತು ಎಂಬ ಅರ್ಥವಿದೆ. ಅರ್ಥವಾಯಿತು, ಒಪ್ಪಿದೆ, ಮಾಡುತ್ತೇನೆ ಎಂಬ ಅರ್ಥಗಳೂ ಇವೆ. ‘ಕೆಲಸ ಆಯ್ತು’ ಎಂದಾಗ ಮಾಡಿ ಮುಗಿಸಿದೆ ಎಂದಾಗುತ್ತದೆ. ಬೇಸರದ ದನಿಯಲ್ಲಿ ‘ಆಯ್ತು ಆಯ್ತು’ ಎಂದರೆ ಇನ್ನು ಸಾಕು ಮಾಡಿ ಎಂದರ್ಥ. ಮುಖ ನೋಡಿ ಮಾತನಾಡುವಾಗ ದನಿ, ಕಣ್ಣು, ತಲೆಯಾಟ ಇವೆಲ್ಲ ಸೇರಿ ಯಾವ ಅರ್ಥ ಎಂಬುದನ್ನು ತಿಳಿಸುತ್ತವೆ. ಫೋನಿನಲ್ಲಿ ದನಿ ಮಾತ್ರ ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅದೂ ಇಲ್ಲ.

2014ರ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್ ಎರಡು ನೀಲಿ ಟಿಕ್‌ಗಳನ್ನು ತಂದಿತು. ಸಂದೇಶವನ್ನು ತೆರೆದರು ಎಂಬುದಷ್ಟೇ ಅದರ ಅರ್ಥ. ಓದಿದರೇ, ತಿಳಿಯಿತೇ, ಒಪ್ಪಿದರೇ ಎಂಬುದನ್ನು ಟಿಕ್ ಹೇಳುವುದಿಲ್ಲ. ಆದರೂ ಕಚೇರಿಯ ಗುಂಪುಗಳಲ್ಲಿ ‘ನೋಡಿದ್ದಾರಲ್ಲ, ಇನ್ನು ಅವರೇ ಮಾಡುತ್ತಾರೆ’ ಎಂದು ನಿಶ್ಚಿಂತರಾಗುವವರು ಬಹಳ.

ಈ ಗೊಂದಲ ಕೆನಡಾದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಸಸ್ಕ್ಯಾಚವಾನ್ ಪ್ರಾಂತ್ಯದಲ್ಲಿ ಧಾನ್ಯ ಖರೀದಿಸುವ ಕಂಪನಿಯೊಂದು 2021ರಲ್ಲಿ ಒಬ್ಬ ರೈತರ ಫೋನಿಗೆ ಅಗಸೆ ಖರೀದಿಯ ಒಪ್ಪಂದದ ಚಿತ್ರ ಕಳಿಸಿ, ದಯವಿಟ್ಟು ಖಚಿತಪಡಿಸಿ ಎಂದು ಬರೆಯಿತು. ರೈತರು ಹೆಬ್ಬೆರಳೆತ್ತಿದ ಇಮೋಜಿ ಕಳಿಸಿದರು. ಕಟಾವಿನ ಹೊತ್ತಿಗೆ ಅಗಸೆಯ ಬೆಲೆ ಏರಿತ್ತು, ಮಾಲು ಬರಲಿಲ್ಲ. ಒಪ್ಪಂದದ ಪ್ರತಿ ಕೈಸೇರಿತು ಎಂದಷ್ಟೇ ತಾನು ತಿಳಿಸಿದ್ದು ಎಂಬುದು ರೈತರ ವಾದ. ಒಪ್ಪಿಗೆ ಸಿಕ್ಕಿದೆ ಎಂಬುದು ಕಂಪನಿಯ ವಾದ. 2023ರ ಜೂನ್‌ನಲ್ಲಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟು, 82 ಸಾವಿರ ಕೆನಡಾ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಲು ಆದೇಶಿಸಿತು. ಹೆಬ್ಬೆರಳಿನ ಆ ಚಿತ್ರಕ್ಕೆ ನಮ್ಮ ‘ಆಯ್ತು’ವಿನಷ್ಟೇ ಅರ್ಥಗಳಿದ್ದವು.

ಹೇಳಿದವರ ತಲೆಯೊಳಗಿನ ಹಾಡು

ನಾವು ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರುತ್ತದೆ ಎಂದು ಅಷ್ಟು ಸುಲಭವಾಗಿ ನಂಬುವುದೇಕೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಎಲಿಜಬೆತ್ ನ್ಯೂಟನ್ 1990ರಲ್ಲಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಗುರುತಿಸಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದು ಕುಟ್ಟಿದವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಮೂರನ್ನು ಮಾತ್ರ.

ಕುಟ್ಟುವವರ ತಲೆಯಲ್ಲಿ ರಾಗ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿರುತ್ತವೆ. ಎದುರಿಗಿರುವವರಿಗೆ ಕೇಳುವುದು ಟಕ್ ಟಕ್ ಸದ್ದು ಮಾತ್ರ. ಮನೆಯಲ್ಲಿ ಮಕ್ಕಳೊಂದಿಗೆ ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು. ‘ಇಷ್ಟು ಸುಲಭದ ಹಾಡು ಗೊತ್ತಾಗಲಿಲ್ಲವಾ?’ ಎಂಬ ಅಸಹನೆ ಎರಡನೇ ಹಾಡಿಗೇ ಬಂದುಬಿಡುತ್ತದೆ.

ಹತ್ತು ವರ್ಷ ಒಂದೇ ಕೆಲಸ ಮಾಡಿದ ಹಿರಿಯರು ಹೊಸಬರಿಗೆ ಕೆಲಸ ಹೇಳುವಾಗ ಆಗುವುದೂ ಇದೇ. ‘ಆ ಫೈಲನ್ನು ಹೋದ ಸಲದ ಹಾಗೆ ಮಾಡಿಬಿಡಿ’ ಎಂಬ ಮಾತು ಹಿರಿಯರಿಗೆ ಪೂರ್ತಿ ಹಾಡು. ಹೋದ ಸಲ ಅಲ್ಲಿ ಇರದಿದ್ದವರಿಗೆ ಅದು ಮೇಜು ಕುಟ್ಟಿದ ಸದ್ದು.

ಮಂಜಿನಲ್ಲಿ ಕೇಳಿಸಿದ ‘ಓಕೆ’

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳನ್ನು ಇಲ್ಲಿಗೆ ಕಳಿಸಲಾಗಿತ್ತು. ಡಚ್ ಕಂಪನಿ ಕೆಎಲ್ಎಂನ ಜಂಬೊ ಜೆಟ್ ಓಡುಹಾದಿಯ ಒಂದು ತುದಿಯಲ್ಲಿ ಹಾರಲು ಸಿದ್ಧವಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆ್ಯಮ್ ಕಂಪನಿಯ ಇನ್ನೊಂದು ಜಂಬೊ ಅದೇ ಹಾದಿಯಲ್ಲಿ ನಿಧಾನಕ್ಕೆ ಚಲಿಸುತ್ತಿತ್ತು. ಒಂದರ ಕಣ್ಣಿಗೆ ಇನ್ನೊಂದು ಬೀಳುವಂತಿರಲಿಲ್ಲ.

ಹಾರಿದ ಮೇಲೆ ಹೋಗಬೇಕಾದ ಮಾರ್ಗವನ್ನು ನಿಯಂತ್ರಕ ತಿಳಿಸಿದರು. ಕೆಎಲ್ಎಂ ಸಹ ಪೈಲಟ್ ಅದನ್ನು ಮರಳಿ ಹೇಳಿ, ತಾವು ‘ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತೊಂದನ್ನು ಸೇರಿಸಿದರು. ಹಾರಲು ಸಿದ್ಧರಾಗಿ ನಿಂತಿದ್ದೇವೆ ಎಂದೇ, ಹಾರಲು ಓಡತೊಡಗಿದ್ದೇವೆ ಎಂದೇ? ನಿಯಂತ್ರಕ ‘ಓಕೆ’ ಎಂದರು, ಆಮೇಲೆ ಕಾಯಲು ಹೇಳಿದರು. ಅದೇ ಕ್ಷಣ ಪ್ಯಾನ್ ಆ್ಯಮ್‌ನವರು ತಾವಿನ್ನೂ ಓಡುಹಾದಿಯಲ್ಲೇ ಇದ್ದೇವೆ ಎಂದು ರೇಡಿಯೊದಲ್ಲಿ ಹೇಳಿದ್ದರಿಂದ ಎರಡು ದನಿಗಳೂ ಕಲೆತು ಕರ್ಕಶ ಸದ್ದಾಯಿತು. ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ.

ವಿಮಾನ ವೇಗ ಪಡೆಯುತ್ತಿದ್ದಾಗ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಪ್ಯಾನ್ ಆ್ಯಮ್ ವಿಮಾನ ಇನ್ನೂ ಹಾದಿ ಬಿಟ್ಟಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಕಂಪನಿಯ ಅತಿ ಹಿರಿಯ ತರಬೇತುದಾರರಲ್ಲಿ ಒಬ್ಬರು. ಬಿಟ್ಟಿದೆ ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡೂ ಜಂಬೊಗಳು ಡಿಕ್ಕಿ ಹೊಡೆದವು. 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಒಂದೇ ಅಪಘಾತದಲ್ಲಿ ಇಷ್ಟು ವಿಮಾನ ಪ್ರಯಾಣಿಕರು ಇನ್ನೆಂದೂ ಸತ್ತಿಲ್ಲ.

ಆಮೇಲೆ ಜಗತ್ತಿನಾದ್ಯಂತ ರೇಡಿಯೊ ಮಾತಿನ ನಿಯಮ ಬಿಗಿಯಾಯಿತು. ‘ಟೇಕಾಫ್’ ಎಂಬ ಪದ ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಾಯಿಗೆ ಬರಬೇಕು. ಉಳಿದ ಕಡೆ ‘ಡಿಪಾರ್ಚರ್’. ಮುಖ್ಯ ಸೂಚನೆಗಳಿಗೆ ‘ಓಕೆ’ ಎಂದರೆ ಸಾಲದು, ಸೂಚನೆಯನ್ನೇ ಮರಳಿ ಹೇಳಬೇಕು. ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲಿಯೇ ತಿದ್ದಬೇಕು.

ಹೇಳಿದರೂ ಕೇಳದಿದ್ದರೆ

ಮರುವರ್ಷ, 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಕಂಪನಿಯ ವಿಮಾನವೊಂದು ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹೊಡೆಯಿತು. ಚಕ್ರಗಳು ಸರಿಯಾಗಿ ಇಳಿದಿವೆಯೇ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಮುಳುಗಿದ್ದರು. ಇಂಧನ ಕರಗುತ್ತಿರುವುದು ಜೊತೆಗಿದ್ದವರಿಗೆ ಕಾಣುತ್ತಿತ್ತು. ಅವರು ಹೇಳಿದರೂ ಮೆತ್ತಗೆ ಹೇಳಿದರು. ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ನೆಲಕ್ಕೆ ಬಿತ್ತು. ಹತ್ತು ಜನ ಸತ್ತರು.

ವಿಮಾನದಲ್ಲಿ ಅಂಥ ದೊಡ್ಡ ದೋಷವೇನೂ ಇರಲಿಲ್ಲ. ದೋಷವಿದ್ದದ್ದು ಕಾಕ್‌ಪಿಟ್‌ನೊಳಗಿನ ಮಾತುಕತೆಯಲ್ಲಿ. 1979ರಲ್ಲಿ ನಾಸಾ ಈ ವಿಷಯವಾಗಿಯೇ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಸಿಬ್ಬಂದಿಗೆ ಹೊಸ ತರಬೇತಿ ಶುರು ಮಾಡಿತು. ಮುಂದೆ ಅದು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ವಿಮಾನ ಕಂಪನಿಗಳಿಗೆ ಹಬ್ಬಿತು. ಅನುಮಾನ ಬಂದರೆ ಕಿರಿಯರು ಸ್ಪಷ್ಟವಾಗಿ ಹೇಳಬೇಕು, ಹಿರಿಯರು ಕೆಲಸ ನಿಲ್ಲಿಸಿ ಕೇಳಬೇಕು. ತರಬೇತಿಯ ತಿರುಳು ಇಷ್ಟೇ.

ಅದು ಎಷ್ಟು ಕಷ್ಟ ಎಂಬುದು ಕರ್ನಾಟಕಕ್ಕೆ ತನ್ನ ನೆಲದಲ್ಲೇ ಗೊತ್ತಾಯಿತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ಮೇಲಿನ ಓಡುಹಾದಿಯನ್ನು ದಾಟಿ ಕಮರಿಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೊಂದು ಸುತ್ತು ಹೋಗೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸುತ್ತಲೇ ಇತ್ತು, ಆದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂದು ತನಿಖಾ ನ್ಯಾಯಾಲಯ ಹೇಳಿತು.

ಆ ವರದಿಯಲ್ಲಿ ಇನ್ನೊಂದು ಮಾತಿದೆ, ಪ್ರತಿಯೊಂದು ಕಚೇರಿಯೂ ಓದಬೇಕಾದದ್ದು. ಸಹ ಪೈಲಟ್ ಪದೇ ಪದೇ ಹೇಳಿದರೂ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರದ ಬಗ್ಗೆ ಇದ್ದ ಬೇರೆ ಬೇರೆ ಸೂಚನೆಗಳಲ್ಲಿನ ಅಸ್ಪಷ್ಟತೆ ಇದಕ್ಕೆ ಕಾರಣವಾಗಿರಬಹುದು ಎಂದಿತು ತನಿಖೆ. ಕಿರಿಯರು ಮಾತನಾಡಿದರು, ಆದರೆ ಮಾತು ನಡೆಯದಿದ್ದಾಗ ಮುಂದೇನು ಎಂಬುದು ಕಾಗದದ ಮೇಲೆ ಸ್ಪಷ್ಟವಿರಲಿಲ್ಲ.

‘ಸ್ವಲ್ಪ’ ಎಂಬ ಮೆತ್ತನೆ ಪದ

ಪೀಣ್ಯದ ಯಂತ್ರ ‘ಸ್ವಲ್ಪ’ ಬಿಸಿಯಾಗಿತ್ತು. ಕನ್ನಡದಲ್ಲಿ ‘ಸ್ವಲ್ಪ’ ಎಂಬುದು ಅಳತೆಯ ಪದವಾಗಿ ಕೆಲಸ ಮಾಡುವುದಕ್ಕಿಂತ ವಿನಯದ ಪದವಾಗಿ ಕೆಲಸ ಮಾಡುವುದೇ ಹೆಚ್ಚು. ‘ಸ್ವಲ್ಪ ಬನ್ನಿ’ ಎಂದರೆ ಪೂರ್ತಿ ಬರಬೇಕು. ‘ಸ್ವಲ್ಪ ತೊಂದರೆ ಆಗಿದೆ’ ಎಂದರೆ ತೊಂದರೆ ಚಿಕ್ಕದಿರಬಹುದು, ಕೈಮೀರಿಯೂ ಇರಬಹುದು. ‘ನೋಡೋಣ’ ಎಂಬುದು ಎಷ್ಟೋ ಸಲ ಆಗುವುದಿಲ್ಲ ಎಂಬುದರ ಮೃದು ರೂಪ. ಮನೆಯಲ್ಲಿ, ನೆಂಟರಲ್ಲಿ ಈ ಮೃದುತ್ವ ಸಂಬಂಧ ಉಳಿಸುತ್ತದೆ. ಅದು ಕನ್ನಡದ ಸೊಗಸು ಕೂಡ. ತುರ್ತಿನಲ್ಲಿ ಮಾತ್ರ ಅದೇ ಅಪಾಯ ತರುತ್ತದೆ.

1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದು 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಿಬ್ಬಂದಿ ರೇಡಿಯೊದಲ್ಲಿ ಹೇಳಿದ್ದರು, ಆದ್ಯತೆ ಕೊಡಿ ಎಂದೂ ಕೇಳಿದ್ದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಬಳಸಲಿಲ್ಲ. ಗಿಜಿಗುಡುವ ಆಕಾಶವನ್ನು ನಿಭಾಯಿಸುತ್ತಿದ್ದ ನಿಯಂತ್ರಕರ ಕಿವಿಯಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯ ಕೋರಿಕೆಯಾಯಿತು.

ಸ್ಟೇಷನ್ ಮಾಸ್ಟರ್ ಬರೆದುಕೊಳ್ಳುವ ಎರಡಂಕಿ

ಹೇಳಿದ್ದು ತಲುಪಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ನಮ್ಮ ರೈಲ್ವೆಯಲ್ಲಿ ಹಳೆಯ, ಸರಳ ವ್ಯವಸ್ಥೆಯೊಂದಿದೆ. ಸಿಗ್ನಲ್‌ಗೆ ಜೋಡಣೆಯಾಗಿಲ್ಲದ ಲೆವೆಲ್ ಕ್ರಾಸಿಂಗ್‌ಗಳಲ್ಲಿ ರೈಲು ಬಿಡುವ ಮುನ್ನ ಸ್ಟೇಷನ್ ಮಾಸ್ಟರ್ ಗೇಟ್‌ಮನ್‌ಗೆ ಫೋನ್ ಮಾಡಿ ಗೇಟು ಮುಚ್ಚಲು ಹೇಳುತ್ತಾರೆ. ಗೇಟ್‌ಮನ್ ಗೇಟು ಮುಚ್ಚಿ, ಬೀಗ ಹಾಕಿ, ತನ್ನ ಬಳಿಯ ಹಾಳೆಯಿಂದ ಒಂದು ಸಂಖ್ಯೆಯನ್ನು ಓದಿ ಹೇಳುತ್ತಾನೆ. ಅದಕ್ಕೆ ‘ಪ್ರೈವೇಟ್ ನಂಬರ್’ ಎನ್ನುತ್ತಾರೆ. ಸ್ಟೇಷನ್ ಮಾಸ್ಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಳಸಿದ ಸಂಖ್ಯೆಗೆ ಗೀಟು ಹಾಕಬೇಕು. ಮುಂದಿನ ರೈಲಿಗೆ ಮುಂದಿನ ಸಂಖ್ಯೆ.

ಎರಡಂಕಿಯ ಆ ಸಂಖ್ಯೆಗೆ ಅದರದೇ ಅರ್ಥವೇನೂ ಇಲ್ಲ. ಆದರೆ ನಿದ್ದೆಗಣ್ಣಿನಲ್ಲಿ ‘ಆಯ್ತು ಸಾರ್’ ಎಂದು ಅಭ್ಯಾಸಬಲದಿಂದ ಹೇಳಿಬಿಡಬಹುದು. ಹಾಳೆ ತೆಗೆದು ಬೆರಳಿಟ್ಟು ಓದದೆ 47 ಎಂದು ಹೇಳಲಾಗದು. ಮಾತಿಗೆ ಒಂದು ಕೆಲಸವನ್ನು ಕಟ್ಟಿಹಾಕಿದ್ದೇ ಈ ಪದ್ಧತಿಯ ಜಾಣತನ.

ಎಂಜಿನ್‌ನಲ್ಲೂ ಇಂಥದ್ದೇ ರೂಢಿಯಿದೆ. ಲೋಕೊ ಪೈಲಟ್ ಮತ್ತು ಸಹಾಯಕ ಲೋಕೊ ಪೈಲಟ್ ಇಬ್ಬರೂ ಸಿಗ್ನಲ್ ನೋಡಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಜಪಾನಿನ ರೈಲುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಚಾಲಕರು ಸಿಗ್ನಲ್‌ನತ್ತ ಬೆರಳು ಚಾಚಿ, ಕಂಡದ್ದನ್ನು ಕೂಗಿ ಹೇಳುತ್ತಾರೆ. 1994ರಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಪರೀಕ್ಷಿಸಿದಾಗ, ಸರಳ ಕೆಲಸವೊಂದರಲ್ಲಿ ಬೆರಳು ತೋರಿಸಿ ಬಾಯಲ್ಲಿ ಹೇಳಿದವರ ತಪ್ಪುಗಳು ಸುಮಾರು ಶೇಕಡಾ 85ರಷ್ಟು ಕಡಿಮೆಯಾದವು.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ

ಆಸ್ಪತ್ರೆಗಳು ಈ ಪಾಠವನ್ನು ತಡವಾಗಿ ಕಲಿತವು. ರಾತ್ರಿ ಪಾಳಿಯ ಸಿಸ್ಟರ್ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ, ‘ಡಾಕ್ಟ್ರೇ, ಹನ್ನೆರಡನೇ ಬೆಡ್‌ನವರು ಯಾಕೋ ಸರಿಯಿಲ್ಲ ಅನ್ಸುತ್ತೆ’ ಎನ್ನುತ್ತಾರೆಂದುಕೊಳ್ಳಿ. ನಿದ್ದೆಯಿಂದೆದ್ದ ಡಾಕ್ಟರ್, ‘ಆಯ್ತು, ನೋಡ್ತಿರಿ’ ಎನ್ನಬಹುದು. ಅದೇ ಸಿಸ್ಟರ್ ಹೀಗೆ ಹೇಳಿದರೆ?

‘ಡಾಕ್ಟ್ರೇ, ಸರ್ಜಿಕಲ್ ವಾರ್ಡಿನಿಂದ ಮಾತಾಡ್ತಿದ್ದೀನಿ. ಹನ್ನೆರಡನೇ ಬೆಡ್‌ನವರ ಬಿಪಿ 80ಕ್ಕೆ ಇಳಿದಿದೆ, ಪಲ್ಸ್ 120 ಇದೆ. ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ. ಒಳಗೆ ರಕ್ತ ಹೋಗ್ತಿದೆಯೇನೋ ಅನ್ನೋ ಅನುಮಾನ ನನಗೆ. ನೀವು ಈಗಲೇ ಬರಬೇಕು.’

ಈಗ ಏನಾಗಿದೆ, ಹಿಂದೇನಾಗಿತ್ತು, ನನಗೇನನ್ನಿಸುತ್ತದೆ, ನಿಮ್ಮಿಂದೇನು ಬೇಕು: ನಾಲ್ಕು ಮೆಟ್ಟಿಲು. ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನ್‌ಗಳಲ್ಲಿ ಹುಟ್ಟಿದ ಈ ಕ್ರಮವನ್ನು ಕೈಸರ್ ಪರ್ಮನೆಂಟೆ ಆಸ್ಪತ್ರೆ ಸಮೂಹ ವೈದ್ಯಕೀಯಕ್ಕೆ ತಂದಿತು. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಇದನ್ನು ‘ಎಸ್‌ಬಾರ್’ ಎನ್ನುತ್ತಾರೆ. ಕೊನೆಯ ಎರಡು ಮೆಟ್ಟಿಲುಗಳಲ್ಲೇ ಇದರ ಶಕ್ತಿಯಿದೆ. ನನಗೇನನ್ನಿಸುತ್ತದೆ ಎಂದು ಹೇಳುವ ಹಕ್ಕನ್ನು ಅದು ಕಿರಿಯರಿಗೆ ಕೊಡುತ್ತದೆ. ಆಮೇಲೆ ನೀವು ಬರಬೇಕು ಎನ್ನುವುದು ಉದ್ಧಟತನವಾಗುವುದಿಲ್ಲ, ಪದ್ಧತಿಯಾಗುತ್ತದೆ.

ಪಾಳಿ ಬದಲಾಗುವಾಗಿನ ಮಾತಿಗೂ ಹೀಗೆ ಒಂದು ಅಚ್ಚುಕಟ್ಟು ತಂದಾಗ ಏನಾಗುತ್ತದೆ ಎಂಬುದನ್ನು ಉತ್ತರ ಅಮೆರಿಕದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಅಳೆದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು, ತಪ್ಪಿಸಬಹುದಾಗಿದ್ದ ಹಾನಿಗಳು ಶೇಕಡಾ 30ರಷ್ಟು ತಗ್ಗಿದವು. ‘ಐ-ಪಾಸ್’ ಎಂಬ ಆ ಕ್ರಮದ ಕೊನೆಯ ಹೆಜ್ಜೆ, ಕೇಳಿಸಿಕೊಂಡವರು ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವುದು.

ಶಸ್ತ್ರಚಿಕಿತ್ಸಾ ಕೊಠಡಿಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿಯೊಂದನ್ನು ಕೊಟ್ಟಿತು. ದೆಹಲಿಯೂ ಸೇರಿದಂತೆ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ, ತೊಡಕುಗಳ ಪ್ರಮಾಣ 11ರಿಂದ 7ಕ್ಕೆ ಇಳಿಯಿತು. ಪಟ್ಟಿಯಲ್ಲಿರುವ ಒಂದು ಅಂಶ ಚಾಕು ಹಿಡಿಯುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳುವುದು. ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದವರಿಗೆ, ಅರ್ಧ ಗಂಟೆಯ ನಂತರ ಹತ್ತಿಯ ತುಂಡೊಂದು ಲೆಕ್ಕಕ್ಕೆ ಸಿಗದಿದ್ದರೆ ಎರಡನೇ ಸಲ ಬಾಯಿ ಬಿಡುವುದು ಅಷ್ಟು ಕಷ್ಟವಾಗುವುದಿಲ್ಲ.

ಬಿಡದಿಗೆ ಬಂದ ಹಗ್ಗ

ಟೊಯೊಟಾದ ಕಾರು ಜೋಡಣಾ ಸಾಲುಗಳು ಜಗತ್ತಿಗೇ ಪರಿಚಯಿಸಿದ ಒಂದು ಹಗ್ಗವಿದೆ. ಅದನ್ನು ‘ಆಂಡಾನ್’ ಹಗ್ಗ ಎನ್ನುತ್ತಾರೆ; ಜಪಾನಿ ಭಾಷೆಯಲ್ಲಿ ಆಂಡಾನ್ ಎಂದರೆ ದೀಪ. ಕೆಲಸದಲ್ಲಿ ಏನಾದರೂ ತಪ್ಪು ಕಂಡರೆ ಯಾವ ಕಾರ್ಮಿಕರು ಬೇಕಾದರೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ತಂಡದ ನಾಯಕರು ಓಡಿ ಬರುತ್ತಾರೆ. ಗೊತ್ತಾದ ಹೊತ್ತಿನೊಳಗೆ ತಪ್ಪು ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಬಂದಾಗ ಈ ಕೆಲಸದ ಸಂಸ್ಕೃತಿಯೂ ಕರ್ನಾಟಕಕ್ಕೆ ಬಂತು.

ಹಗ್ಗ ಕಟ್ಟುವುದು ಸುಲಭ. ಅದನ್ನು ಎಳೆದವರನ್ನು ಬೈಯದೆ ಇರುವುದು ಕಷ್ಟ. ಮೊದಲ ಸಲ ಎಳೆದಾಗ ನಾಯಕರು ‘ಇಷ್ಟಕ್ಕೆಲ್ಲ ಎಳೀತಾರಾ?’ ಎಂದು ಮುಖ ಸಿಂಡರಿಸಿದರೆ ಎರಡನೇ ಸಲ ಆ ಕೈ ಮೇಲೇಳುವುದಿಲ್ಲ.

ಹಾರ್ವರ್ಡ್‌ನ ಆಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದಾಗ ಒಂದು ವಿಚಿತ್ರ ಕಂಡರು. ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧಿ ಕೊಡುವ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತೆಂದಲ್ಲ, ಆದ ತಪ್ಪನ್ನು ಅಲ್ಲಿ ಹೆದರದೆ ಹೇಳುತ್ತಿದ್ದರು. 1999ರ ಪ್ರಬಂಧದಲ್ಲಿ ಅವರು ಇದನ್ನು ತಂಡದ ‘ಮಾನಸಿಕ ಸುರಕ್ಷತೆ’ ಎಂದು ಕರೆದರು. ಮುಂದೆ ಗೂಗಲ್ ತನ್ನ ಸುಮಾರು 180 ತಂಡಗಳನ್ನು ಪರಿಶೀಲಿಸಿದಾಗ, ಯಶಸ್ಸಿಗೆ ಕಾರಣವಾದ ಅಂಶಗಳಲ್ಲಿ ಮೊದಲ ಸ್ಥಾನ ಪಡೆದದ್ದೂ ಇದೇ.

ಜಪಾನಿ ಕಂಪನಿಗಳಲ್ಲಿ ‘ಹೋರೆನ್ಸೋ’ ಎಂಬ ಮಾತೂ ಚಾಲ್ತಿಯಲ್ಲಿದೆ. ಆ ಭಾಷೆಯಲ್ಲಿ ಅದರ ನೇರ ಅರ್ಥ ಪಾಲಕ್ ಸೊಪ್ಪು. ವರದಿ ಮಾಡು, ತಿಳಿಸು, ಸಲಹೆ ಕೇಳು ಎಂಬ ಮೂರು ಪದಗಳ ಮೊದಲ ತುಣುಕುಗಳನ್ನು ಜೋಡಿಸಿದರೂ ಅದೇ ಪದ. ಟೊಮಿಜಿ ಯಮಝಾಕಿ ಎಂಬ ಉದ್ಯಮಿ 1986ರಲ್ಲಿ ತಮ್ಮ ಪುಸ್ತಕದಿಂದ ಇದನ್ನು ಜನಪ್ರಿಯಗೊಳಿಸಿದರು. ಕೆಲಸ ಪೂರ್ತಿ ಕೆಟ್ಟ ಮೇಲೆ ಹೇಳುವುದಕ್ಕಿಂತ ಕೆಡುತ್ತಿರುವಾಗಲೇ ಬಂದು ಕೇಳುವುದು ಅದರ ಆಶಯ.

ಯಾವ ಭಾಷೆಯಲ್ಲಿ?

ಕರ್ನಾಟಕದ ಪ್ರತಿ ಊರಿನ ಬಸ್ ನಿಲ್ದಾಣದ ಬಳಿ ಸ್ಪೋಕನ್ ಇಂಗ್ಲಿಷ್ ತರಗತಿಯ ಫಲಕ ಕಾಣುತ್ತದೆ. ಇಂಗ್ಲಿಷ್ ಕಲಿಯುವುದು ಒಳ್ಳೆಯದೇ. ಅದು ಅನೇಕರ ಅನ್ನದ ದಾರಿ. ಆದರೆ ಭಾಷೆ ಚೆನ್ನಾಗಿ ಬಂದರೆ ಸಂವಹನವೂ ಚೆನ್ನಾಗಿರುತ್ತದೆ ಎಂಬ ನಂಬಿಕೆಯಿಂದ ಕೆಡುಕೇ ಹೆಚ್ಚು. ಮೀಟಿಂಗ್‌ನಲ್ಲಿ ಇಂಗ್ಲಿಷ್ ತಡವರಿಸುತ್ತದೆ ಎಂಬ ಒಂದೇ ಕಾರಣಕ್ಕೆ, ಯಂತ್ರದ ನಾಡಿ ಬಲ್ಲ ಕೆಲಸಗಾರ ಸುಮ್ಮನೆ ಕೂರುತ್ತಾನೆ. ಅವನು ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಗುತ್ತದೆ.

ಹಾಗೆಂದು ಭಾಷೆಯ ತೊಡಕು ಸಣ್ಣದೇನೂ ಅಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. ಕಜಕ್ ವಿಮಾನ 15,000 ಅಡಿಯಲ್ಲಿ ಉಳಿಯಬೇಕಿತ್ತು, ಅದಕ್ಕಿಂತ ಕೆಳಗಿಳಿದಿತ್ತು. ಆ ವಿಮಾನದಲ್ಲಿ ನಿಯಂತ್ರಕರೊಂದಿಗೆ ಇಂಗ್ಲಿಷ್‌ನಲ್ಲಿ ಮಾತನಾಡುವ ಕೆಲಸ ರೇಡಿಯೊ ಆಪರೇಟರ್‌ನದಾಗಿತ್ತು. ಅಂದರೆ ನೆಲದಿಂದ ಬಂದ ಮಾತು ಇನ್ನೊಬ್ಬರ ಬಾಯಿ ದಾಟಿ ಪೈಲಟ್‌ಗಳನ್ನು ತಲುಪಬೇಕಿತ್ತು. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ನಿಯಂತ್ರಕರಿಗೂ ಇಂಗ್ಲಿಷ್‌ನ ಕನಿಷ್ಠ ಮಟ್ಟವೊಂದು ಕಡ್ಡಾಯವಾಗಿದೆ.

ಬೆಂಗಳೂರಿನ ಕಟ್ಟಡ ಕಾಮಗಾರಿಯ ಜಾಗದಲ್ಲಿ ಒಡಿಯಾ, ಬಂಗಾಳಿ, ಹಿಂದಿ, ತೆಲುಗು, ಕನ್ನಡ ಎಲ್ಲವೂ ಕೇಳುತ್ತವೆ. ಅಲ್ಲಿ ಹೆಲ್ಮೆಟ್ ಧರಿಸಿ ಎಂಬ ಫಲಕ ಎರಡು ಭಾಷೆಯಲ್ಲಿದ್ದರೂ ಓದಲಾಗದವರು ಇರುತ್ತಾರೆ. ಅಂಥ ಕಡೆ ಚಿತ್ರ ಸಹಾಯ ಮಾಡುತ್ತದೆ. ಮಾಡಿ ತೋರಿಸಿ, ಅವರಿಂದಲೂ ಮಾಡಿಸಿ ನೋಡುವ ಮೇಸ್ತ್ರಿ ಇನ್ನೂ ಹೆಚ್ಚು ಸಹಾಯ ಮಾಡುತ್ತಾರೆ.

ಸೋಮವಾರದ ಮೀಟಿಂಗ್‌ಗೆ

ವಿಮಾನ, ರೈಲು, ಆಸ್ಪತ್ರೆಗಳ ಈ ರೂಢಿಗಳನ್ನು ಸಾಮಾನ್ಯ ಕಚೇರಿಗೆ ತರಲು ದುಡ್ಡು ಬೇಕಿಲ್ಲ. ಮೊದಲು ಬದಲಾಗಬೇಕಾದ್ದು ಒಂದು ಪ್ರಶ್ನೆ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಆಯ್ತು ಸಾರ್.’ ಇಲ್ಲ ಎನ್ನಲು ಯಾರಿಗೂ ಮನಸ್ಸು ಬಾರದು. ವೈದ್ಯರಿಗೆ ಕಲಿಸುವ ಮಾತು ಬೇರೆ: ‘ನಾನು ಸರಿಯಾಗಿ ಹೇಳಿದೆನಾ ಅಂತ ನೋಡ್ಕೋಬೇಕು. ಮನೆಗೆ ಹೋದ ಮೇಲೆ ಮಾತ್ರೆ ಹೇಗೆ ತಗೋತೀರಿ, ಒಮ್ಮೆ ಹೇಳಿ.’ ಪರೀಕ್ಷೆ ಕೇಳುಗರದ್ದಾಗದೆ ಹೇಳಿದವರದ್ದಾಗುತ್ತದೆ, ಮುಜುಗರ ಉಳಿಯುವುದಿಲ್ಲ.

ಬರಹದಲ್ಲೂ ಹೀಗೆಯೇ. ‘ಎಲ್ಲರೂ ಆ ರಿಪೋರ್ಟ್ ಸ್ವಲ್ಪ ಬೇಗ ಕಳಿಸಿ’ ಎಂಬ ಸಂದೇಶ ಹದಿನೈದು ಜನರ ಗುಂಪಿಗೆ ಬಿದ್ದರೆ ಹದಿನೈದು ಹೆಬ್ಬೆರಳುಗಳು ಬರುತ್ತವೆ, ರಿಪೋರ್ಟ್ ಬರುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಹುಬ್ಬಳ್ಳಿ ಮತ್ತು ಗದಗ ಶಾಖೆಯವರು ಜೂನ್ ತಿಂಗಳ ದಾಸ್ತಾನು ಪಟ್ಟಿಯನ್ನು ಗುರುವಾರ ಸಂಜೆ 4 ಗಂಟೆಯೊಳಗೆ ಕಳಿಸಿ. ತಡವಾಗುವಂತಿದ್ದರೆ ಬುಧವಾರವೇ ನನಗೆ ಫೋನ್ ಮಾಡಿ.’ ಯಾರು, ಏನು, ಯಾವಾಗ, ಆಗದಿದ್ದರೆ ಏನು; ನಾಲ್ಕೂ ಇವೆ. ಸಾಲು ಒಂದು ಹೆಚ್ಚಾಯಿತಷ್ಟೆ.

ಮೀಟಿಂಗ್‌ನಲ್ಲಿ ಹಿರಿಯರು ಕೊನೆಗೆ ಮಾತನಾಡುವುದು ಮತ್ತೊಂದು ದಾರಿ. ಸಾಹೇಬರು ಮೊದಲೇ ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದಕ್ಕೆ ತಲೆದೂಗುವುದರಲ್ಲೇ ಸಭೆ ಮುಗಿಯುತ್ತದೆ. ಹೊಸದಾಗಿ ಸೇರಿದವರಿಂದ ಶುರುಮಾಡಿ, ‘ಇದರಲ್ಲಿ ಎಲ್ಲಿ ತೊಂದರೆ ಆಗಬಹುದು?’ ಎಂದು ಕೇಳಿದರೆ ಬೇರೆಯೇ ಸಂಗತಿಗಳು ಹೊರಬರುತ್ತವೆ. ಕೆಟ್ಟ ಸುದ್ದಿ ತಂದವರಿಗೆ ‘ಹೇಳಿದ್ದು ಒಳ್ಳೆಯದಾಯಿತು’ ಎಂಬ ಒಂದು ಮಾತು ಸಿಕ್ಕರೆ ಮುಂದಿನ ಸುದ್ದಿ ಇನ್ನೂ ಬೇಗ ಬರುತ್ತದೆ.

ಪೀಣ್ಯದ ಆ ಕಾರ್ಖಾನೆಯಲ್ಲೂ ಇದಕ್ಕೆ ಬೇಕಾಗುವುದು ಎರಡು ನಿಮಿಷ, ಒಂದು ರೂಲ್ಡ್ ಪುಸ್ತಕ. ಪಾಳಿ ಮುಗಿಸಿದವನು ಬಾಗಿಲಿನಿಂದ ಕೂಗುವ ಬದಲು ಮೂರನೇ ಯಂತ್ರದ ಪಕ್ಕಕ್ಕೇ ಬರುತ್ತಾನೆ. ಬೇರಿಂಗ್ ಇರುವ ಕಡೆ ಬೆರಳು ತೋರಿಸುತ್ತಾನೆ. ‘ಹನ್ನೆರಡು ಗಂಟೆಯಿಂದ ಇಲ್ಲಿ ಬಿಸಿ ಏರ್ತಿದೆ. ಮೆಂಟೆನೆನ್ಸ್‌ಗೆ ಇನ್ನೂ ಹೇಳಿಲ್ಲ. ನೀನು ಈಗಲೇ ಫೋನ್ ಮಾಡು, ಅವರು ಬಂದು ನೋಡೋವರೆಗೂ ಓಡಿಸ್ಬೇಡ.’

‘ಬೇರಿಂಗ್ ಬಿಸಿ, ಮೆಂಟೆನೆನ್ಸ್‌ಗೆ ನಾನು ಫೋನ್ ಮಾಡ್ಬೇಕು, ಅಲ್ಲಿವರೆಗೂ ಮಷಿನ್ ಬಂದ್’ ಎನ್ನುತ್ತಾನೆ ಬಂದವನು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾ. ಬರೆದು, ಸಮಯ ಹಾಕಿ, ಇಬ್ಬರೂ ಸಹಿ ಮಾಡುತ್ತಾರೆ. ಮೊದಲ ಪಾಳಿಯವನು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟಾಪಿನತ್ತ ನಡೆಯುತ್ತಾನೆ. ಅವನು ಗೇಟು ದಾಟುವ ಹೊತ್ತಿಗೆ ಒಳಗೆ ಮೂರನೇ ಯಂತ್ರದ ಸದ್ದು ನಿಂತಿರುತ್ತದೆ. ಸ್ಪ್ಯಾನರ್ ಹಿಡಿದ ಮೆಂಟೆನೆನ್ಸ್‌ನ ಹುಡುಗ ಅದರ ಮುಚ್ಚಳ ಬಿಚ್ಚುತ್ತಿರುತ್ತಾನೆ.